ಅಮ್ಮನನ್ನು ಆಶ್ರಮದಿಂದ ವಾಪಸ್ ಕರೆತರಲೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಅಮ್ಮನಿಗೆ 79 ವರ್ಷ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಶುರುವಾಗಿ ಮೂರು ವರ್ಷ. ಎರಡು ಸಲ ರಾತ್ರಿ ಬಾಗಿಲು ತೆಗೆದು ತೋಟದೊಳಗೆ ಹೋಗಿಬಿಟ್ಟಿದ್ದರು. ನಮ್ಮ ಕಡೆ ಆನೆ ಕಾಟ ಬೇರೆ. ನಾಲ್ಕು ತಿಂಗಳ ಹಿಂದೆ ಹಾಸನದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆ. ಅಲ್ಲಿ ಬೆಳಗ್ಗೆ 5ಕ್ಕೇ ಸ್ನಾನ. ಅಮ್ಮ ಕಿರುಚುತ್ತಾರೆ, ಆಯಾಗಳನ್ನು ಪರಚುತ್ತಾರೆ. ‘ತುಂಬಾ ಹಠ’ ಎಂದು ಸಂಜೆ ಒಂದು ಮಾತ್ರೆ ಕೊಡಲು ಶುರು ಮಾಡಿದ್ದಾರೆ. ಈಗ ಹಗಲೂ ತೂಕಡಿಸುತ್ತಾರೆ. 52 ಕೆ.ಜಿ. ಇದ್ದವರು 48ಕ್ಕೆ ಇಳಿದಿದ್ದಾರೆ. ಹೋದಾಗಲೆಲ್ಲ ‘ಮನೆಗೆ ಹೋಗಣ, ದನ ಕಟ್ಬೇಕು’ ಅಂತಾರೆ. ಬೆಂಗಳೂರಿನ ತಮ್ಮ ಫೋನ್ ಮಾಡಿ ಬೈಯುತ್ತಾನೆ. ಏನು ಮಾಡಲಿ?

ಉತ್ತರ: ತಮ್ಮ ಬೈದನೆಂದು ಈ ವಾರವೇ ಕರೆತರಬೇಡಿ. ಕತ್ತಲಲ್ಲಿ ತೋಟಕ್ಕಿಳಿಯುವ ಅಮ್ಮ, ಬೇಲಿಯಾಚೆ ಆನೆ. ನೀವು ಸೇರಿಸಿದ ಕಾರಣ ಇನ್ನೂ ಹಾಗೇ ಇದೆ. ನಿಮ್ಮ ಪತ್ರದಲ್ಲಿ ನಮಗೆ ಕಾಣುವ ದೊಡ್ಡ ತೊಂದರೆ ಬೇರೆ. ಅಮ್ಮನ ದಿನವೆಲ್ಲ ಆಯಾಗಳ ಡ್ಯೂಟಿ ಪಟ್ಟಿಯಂತೆ ನಡೆಯುತ್ತಿದೆ. ಅದನ್ನು ಬದಲಾಯಿಸಿ ನೋಡಲು ಹೆಚ್ಚು ದುಡ್ಡು ಬೇಕಿಲ್ಲ.

ಮೊದಲು ಡಾಕ್ಟರು. ನಾಲ್ಕು ತಿಂಗಳಲ್ಲಿ ನಾಲ್ಕು ಕೆ.ಜಿ. ಎಂದರೆ ಮೈತೂಕದ ನೂರಕ್ಕೆ ಎಂಟರಷ್ಟು. ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವಂತಿಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಸಡಿಲವಾದ ಹಲ್ಲಿನ ಸೆಟ್ಟು, ಎಲ್ಲೋ ಇರುವ ನೋವು: ಡಿಮೆನ್ಷಿಯಾ ಇರುವವರಿಗೆ ಇವನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಅದು ‘ಹಠ’ವಾಗಿ ಹೊರಬರುತ್ತದೆ. ಮೂತ್ರ, ಸಕ್ಕರೆ, ಥೈರಾಯ್ಡ್, ಸೋಡಿಯಂ ಪರೀಕ್ಷೆ ಮಾಡಿಸಿ. ಸಂಜೆಯ ಮಾತ್ರೆಯ ಸ್ಟ್ರಿಪ್ಪನ್ನೇ ಕೈಗೆ ತೆಗೆದುಕೊಂಡು ಹೆಸರು, ಎಷ್ಟು ಮಿ.ಗ್ರಾಂ., ಬರೆದುಕೊಟ್ಟ ವೈದ್ಯರು ಯಾರು ಎಂದು ಕೇಳಿ. ಮನೋವೈದ್ಯರಿಗೋ ನರರೋಗ ತಜ್ಞರಿಗೋ ತೋರಿಸಿ. ಗಲಾಟೆ ಅಡಗಿಸಲು ಕೊಡುವ ಕೆಲವು ಮಾತ್ರೆಗಳಿಂದ ಡಿಮೆನ್ಷಿಯಾ ರೋಗಿಗಳಲ್ಲಿ ಬೀಳುವುದು, ಲಕ್ವ, ಸಾವಿನ ಅಪಾಯ ಹೆಚ್ಚುತ್ತದೆ. ಹಾಗೆಂದು ನೀವೇ ತಟ್ಟನೆ ನಿಲ್ಲಿಸಬೇಡಿ. ಕೆಲವನ್ನು ಹಂತಹಂತವಾಗಿಯೇ ಇಳಿಸಬೇಕು.

ಇನ್ನು ಸ್ನಾನ. ಅನೇಕ ಕಡೆ ರಾತ್ರಿ ಪಾಳಿಯವರು ಮನೆಗೆ ಹೋಗುವ ಮೊದಲೇ ಎಲ್ಲರ ಸ್ನಾನ ಮುಗಿಸುತ್ತಾರೆ, 5 ಗಂಟೆ ಬರುವುದು ಅಲ್ಲಿಂದ. ಅಮ್ಮನ ಕಡೆಯಿಂದ ನೋಡಿ. ಹಾಸನದ ಚಳಿ, ಅರೆನಿದ್ದೆ, ಗುರುತಿಲ್ಲದ ಇಬ್ಬರು ಬಂದು ಬಟ್ಟೆ ಬಿಚ್ಚುತ್ತಾರೆ, ನೆತ್ತಿಯ ಮೇಲೆ ನೀರು ಸುರಿಯುತ್ತಾರೆ. ಯಾರೇ ಆದರೂ ಪರಚುತ್ತಾರೆ. ಬಚ್ಚಲ ಹಂಡೆಗೆ ತಾನೇ ಉರಿ ಹಾಕಿ, ಕಾಯುವವರೆಗೆ ಒಲೆ ಮುಂದೆ ಕೂತು ಬೆಳೆದ ಜೀವ ಅದು.

ಸ್ನಾನವನ್ನು ಬೆಳಗ್ಗೆ 10ಕ್ಕೋ ಮಧ್ಯಾಹ್ನ 3ಕ್ಕೋ ಹಾಕಿಸಿ. ಐದು ನಿಮಿಷ ಮೊದಲು ಬಿಸಿನೀರು ಸುರಿದು ಬಚ್ಚಲು ಬೆಚ್ಚಗಾಗಲಿ. ಜಾರದ ಮ್ಯಾಟ್, ಬೆನ್ನಿರುವ ಪ್ಲಾಸ್ಟಿಕ್ ಕುರ್ಚಿ, ಹಿಡಿಯಲು ಗೋಡೆಗೆ ಕಂಬಿ. ನೀರು 38 ಡಿಗ್ರಿ ಹತ್ತಿರ ಇರಲಿ, ಮೊಣಕೈ ಅದ್ದಿದರೆ ಹಿತವೆನಿಸಬೇಕು, ಅಂಗೈ ನಂಬಬೇಡಿ. ಹೆಗಲ ಮೇಲೆ ದೊಡ್ಡ ಟವೆಲ್ ಹೊದಿಸಿ, ತೊಳೆಯುವ ಭಾಗವನ್ನಷ್ಟೇ ಸರಿಸುತ್ತ ಹೋಗಬೇಕು. ಶುರು ಪಾದದಿಂದ, ಮೇಲಕ್ಕೆ ನಿಧಾನ. ತಲೆಸ್ನಾನ ಬೇರೆ ದಿನ. ಒಂದು ಚೊಂಬು ಅಮ್ಮನ ಕೈಲೇ ಇರಲಿ, ಅವರೇ ಕಾಲ ಮೇಲೆ ಹುಯ್ದುಕೊಳ್ಳಲಿ. ಬೇಡವೆಂದ ದಿನ ಬಿಸಿಬಟ್ಟೆಯಲ್ಲಿ ಮುಖ, ಕಂಕುಳು, ತೊಡೆಸಂದು ಒರೆಸಿದರೆ ಧಾರಾಳವಾಯಿತು. ದಿನಾ ಮೀಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

‘ದನ ಕಟ್ಬೇಕು’ ಎಂಬ ಮಾತು ಸಂಜೆ ನಾಲ್ಕರಿಂದ ಆರರೊಳಗೆ ಹೆಚ್ಚೇ? ಬೆಳಕು ಇಳಿಯುತ್ತಿದ್ದಂತೆ ಇವರಿಗೆ ತಳಮಳ ಏಳುವುದು ಸಾಮಾನ್ಯ. ‘ದನ ಮಾರಿ ಹತ್ತು ವರ್ಷ ಆಯ್ತಲ್ಲಮ್ಮ’ ಎಂದು ತಿದ್ದಬೇಡಿ, ಪ್ರತಿ ಸಲವೂ ಹೊಸ ದುಃಖವಾಗುತ್ತದೆ. ‘ಯಾವ ದನ, ಕೆಂದಿಯಾ? ಎಷ್ಟು ಹಾಲು ಕೊಡ್ತಿತ್ತು?’ ಎಂದು ಕೇಳಿ. ಅವರು ಕೇಳುತ್ತಿರುವುದು ಕೆಲಸ, ಅದನ್ನು ಕೊಡಿ. ಅಮೆರಿಕದ ಬಿಲ್ ಥಾಮಸ್ ಎಂಬ ವೈದ್ಯರು 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ನರ್ಸಿಂಗ್ ಹೋಮಿಗೆ ನಾಯಿ, ಬೆಕ್ಕು, ನೂರು ಹಕ್ಕಿ, ಗಿಡಗಳನ್ನು ತಂದದ್ದು ಇದಕ್ಕೇ. ಒಂಟಿತನ, ಅಸಹಾಯಕತೆ, ಬೇಸರ ಇವೇ ಅಲ್ಲಿನವರ ಕಾಯಿಲೆ ಎಂಬುದು ಅವರ ವಾದ.

ನಿಮ್ಮ ಅಮ್ಮನಿಗೆ ಹಕ್ಕಿ ಬೇಡ, ಅವರೆಕಾಳು ಸಾಕು. ಸೀಸನ್ನಿನಲ್ಲಿ ಒಂದು ಬಟ್ಟಲು ಕಾಳು ರಾತ್ರಿ ನೆನೆಹಾಕಿ ಎದುರಿಗಿಟ್ಟರೆ, ಹಿತಕಿದ ಬೇಳೆ ಮಾಡುವುದನ್ನು ಬೆರಳು ಮರೆತಿರುವುದಿಲ್ಲ. ಹೆಸರು ಮರೆತ ಮೇಲೂ ಇಂಥ ಕೈಗೆಲಸ ಬಹಳ ಕಾಲ ಉಳಿಯುತ್ತದೆ. ಸೇರುಗಟ್ಟಲೆ ಕೊಟ್ಟರೆ ಕಂಗೆಡುತ್ತಾರೆ. ಹಸಿಕಾಳು ಬಾಯಿಗೆ ಹೋಗದಂತೆ ಪಕ್ಕದಲ್ಲಿ ಒಬ್ಬರು ಇರಲಿ. ಅವರು ಬಿಟ್ಟದ್ದನ್ನು ಅವರೆದುರೇ ಮತ್ತೆ ಹಿತಕಬೇಡಿ. ಸೀಸನ್ ಇಲ್ಲದಾಗ ಸೊಪ್ಪು ಬಿಡಿಸುವುದು, ಟವೆಲ್ ಮಡಿಸುವುದು.

ಈ ವಿವರವೆಲ್ಲ ಆಯಾಗಳಿಗೆ ಗೊತ್ತಾಗಬೇಕಲ್ಲ? ಒಂದೇ ಹಾಳೆ, ದೊಡ್ಡ ಅಕ್ಷರ, ಮಂಚದ ಪಕ್ಕ ಅಂಟಿಸಿ. ಊರಲ್ಲಿ ಏನೆಂದು ಕರೆಯುತ್ತಿದ್ದರು (ಎಲ್ಲರನ್ನೂ ‘ಅಜ್ಜಿ’ ಎನ್ನುವ ಕಡೆ ಕರೆದದ್ದು ತನ್ನನ್ನೇ ಎಂದು ಅವರಿಗೆ ತಿಳಿಯುವುದಿಲ್ಲ), ಬೆಲ್ಲದ ಕಾಫಿಯೋ ಸಕ್ಕರೆಯದೋ, ಅಕ್ಕಿ ರೊಟ್ಟಿಯೋ ಮುದ್ದೆಯೋ, ಯಾವ ಮಗ್ಗುಲು ಮಲಗುತ್ತಾರೆ, ಯಾವುದಕ್ಕೆ ಹೆದರುತ್ತಾರೆ. ಎಲ್ಲಿ ಯಾವ ಕೆಲಸ ಮಾಡಿದವರು ಎಂಬುದು ಎರಡು ಸಾಲು. ರೋಗದ ಪಟ್ಟಿ ಫೈಲಿನಲ್ಲಿದೆ, ಇಲ್ಲಿ ಬೇಡ. ಜೊತೆಗೆ, ಆದಷ್ಟೂ ಒಬ್ಬರೇ ಆಯಾ ಅಮ್ಮನನ್ನು ನೋಡಿಕೊಳ್ಳಲಿ ಎಂದು ಕೇಳಿಕೊಳ್ಳಿ. ವಾರಕ್ಕೊಂದು ಹೊಸ ಮುಖ ಬಂದರೆ ಕಲಿತದ್ದೆಲ್ಲ ಅವರ ಜೊತೆಗೇ ಹೋಗುತ್ತದೆ.

ಮ್ಯಾನೇಜರ್ ಜೊತೆ ದೂರಿನ ದನಿಯಲ್ಲಿ ಮಾತಾಡಬೇಡಿ. ‘ಪರಚುವುದು ನಿಂತರೆ ನಿಮಗೂ ಹಗುರ, ಎರಡು ವಾರ ನೋಡೋಣ’ ಎನ್ನಿ. ಭಾನುವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ಬರೆಸಿ. ಒಪ್ಪದಿದ್ದರೆ ಬೇರೆ ಆಶ್ರಮ ಹುಡುಕಿ. ನೋಡಲು ಹೋಗುವುದು ಸಂಜೆ 6ಕ್ಕೆ, ಮೊದಲ ಪ್ರಶ್ನೆ ರಾತ್ರಿ ಎಷ್ಟು ಜನಕ್ಕೆ ಒಬ್ಬ ಆಯಾ ಎಂದು. ಎಲ್ಲಾದರೂ ಕಟ್ಟಿಹಾಕುವುದು ಕಂಡರೆ ತಡಮಾಡದೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ತಮ್ಮನಿಗೆ ಒಂದು ಕೆಲಸ ಹಚ್ಚಿ: ಸಂಜೆ 4ರಿಂದ 6ರವರೆಗೆ ಅಮ್ಮನ ಪಕ್ಕ ಕೂರಲು ಹೆಚ್ಚುವರಿ ಆಯಾ ಇಟ್ಟರೆ ಆ ಸಂಬಳ ಅವನದು, ತಿಂಗಳಿಗೊಂದು ಭಾನುವಾರವೂ ಅವನದು. ಇಷ್ಟೆಲ್ಲ ಮಾಡಿ ಎರಡು ತಿಂಗಳಾದ ಮೇಲೂ ತೂಕ ಏರದೆ, ಕಣ್ಣೀರು ನಿಲ್ಲದೆ ಇದ್ದರೆ ಮನೆಗೆ ಕರೆತರುವ ಮಾತು ತೆಗೆಯಿರಿ. ಆಗ ರಾತ್ರಿಗೊಬ್ಬರು ಹಗಲಿಗೊಬ್ಬರು ಬೇಕು, ಬಾಗಿಲಿಗೆ ಗಂಟೆ ಬೇಕು, ಖರ್ಚಿನ ಪಾಲು ಮೊದಲೇ ಮಾತಾಗಿರಬೇಕು.

ಮುಂದಿನ ಸಲ ಬೇಲೂರು ದಾರಿಯಲ್ಲಿ ಹೋಗುವಾಗ ಹಣ್ಣಿನ ಚೀಲ ಬಿಡಿ. ಅಮ್ಮನ ಹಳೇ ಕಂಬಳಿ, ಸ್ನಾನಕ್ಕೆ ಬಳಸುತ್ತಿದ್ದ ಚೊಂಬು, ಫ್ಲಾಸ್ಕಿನಲ್ಲಿ ನಿಮ್ಮ ತೋಟದ್ದೇ ಕಾಫಿ ಒಯ್ಯಿರಿ.