ಅಪ್ಪನ ಕ್ಯಾಸೆಟ್ಟನ್ನು ಯಾಕೆ ಬಿಟ್ಟಿರಿ?

ನಮಸ್ಕಾರ.

ಸಣ್ಣ ಪ್ರಾಯದಲ್ಲೇ ತೀರಿಕೊಂಡ ಹಾಡುಗಾರರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಯಕ್ಷಗಾನದ ಹಾಡುಗಾರ, ಅಂದರೆ ಭಾಗವತ, ಗುಂಡ್ಮಿ ಕಾಳಿಂಗ ನಾವಡರನ್ನು ಆರಿಸಿಕೊಂಡದ್ದು ಖುಷಿಯಾಯಿತು. ಆದರೆ ಎರಡು ಕಡೆ ನನಗೆ ಸಿಟ್ಟು ಬಂತು. ಅದನ್ನೇ ಹೇಳುತ್ತೇನೆ.

ನಿಮ್ಮ ಮೊದಲ ಸಾಲು: "1990ರಲ್ಲಿ ರಸ್ತೆ ಅಪಘಾತದಲ್ಲಿ ನಾವಡರು ಅಗಲಿದಾಗ ಇಡೀ ಉಡುಪಿ ಜಿಲ್ಲೆ ಕಣ್ಣೀರಿನಲ್ಲಿ ಮುಳುಗಿತು." ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ. ಅದನ್ನು ತಿದ್ದಬಹುದು ಬಿಡಿ. ಆದರೆ ನೀವು ಹುಟ್ಟಿದ್ದು 1998ರಲ್ಲಿ ಅಂತ ನೀವೇ ಬರೆದಿದ್ದೀರಿ. ಆ ಕಣ್ಣೀರು ನೀವು ಕಂಡದ್ದಲ್ಲ, ಅಲ್ವಾ?

ಮುಂದಿನ ಸಾಲು: "ಯಕ್ಷಗಾನಕ್ಕೆ ತುಂಬಲಾರದ ನಷ್ಟ." ಎಂತ ನಷ್ಟ? 'ನಾಗಶ್ರೀ' ಪ್ರಸಂಗ, ಅಂದರೆ ಆಟದ ಕಥೆ, ಬರೆದವರು ಅವರು. ಬದುಕಿದ್ದರೆ ಇನ್ನೆಷ್ಟು ಪ್ರಸಂಗ ಬರೆಯುತ್ತಿದ್ದರು ಅಂತಾದರೂ ಕೇಳಬಹುದಿತ್ತು.

ನಾನೂ ಇದೇ ಮಾತು ಬರೆದಿದ್ದೆ. ಮಂಗಳೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಹಳ್ಳಿಯೊಂದರ ಭಜನೆ ಹಾಡುಗಾರ ನಲವತ್ತು ತುಂಬುವ ಮೊದಲೇ ಹೋಗಿದ್ದ. ನನ್ನ 'ತುಂಬಲಾರದ ನಷ್ಟ'ದ ಮೇಲೆ ಹಿರಿಯರು ಕೆಂಪು ಗೆರೆ ಎಳೆದರು. "ಯಾರಿಗೆ ನಷ್ಟ? ಹೋಗಿ ಕೇಳ್ಕೊಂಡು ಬಾ ಮಾರಾಯ" ಅಂದರು. ಬಸ್ಸು ಹಿಡಿದು ಹೋದೆ. ಭಜನಾ ಮಂದಿರದಲ್ಲಿ ತಾಳ ಒರೆಸಿಡುತ್ತಿದ್ದ ಅಜ್ಜ ಹೇಳಿದರು: "ಮೊದಲು ಶನಿವಾರದ ಭಜನೆ ಮುಗಿಯುವಾಗ ಹತ್ತು ಗಂಟೆ. ಈಗ ಎಂಟೂವರೆಗೆಲ್ಲ ಮನೆಗೆ ಹೋಗ್ತೇವೆ." ಆ ಮಾತನ್ನು ಹಾಗೇ ಬರೆದೆ. ಹಿರಿಯರು ಮುಟ್ಟಲಿಲ್ಲ.

ಇನ್ನು ಮೂರನೇ ಪುಟ. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕರ್ಟ್ ಕೊಬೇನ್, ಏಮಿ ವೈನ್‌ಹೌಸ್, ಈ ಪಾಶ್ಚಾತ್ಯ ಹಾಡುಗಾರರೆಲ್ಲ 27ನೇ ಪ್ರಾಯಕ್ಕೇ ಹೋದರು ಅಂತ ಪುಟ ತುಂಬಿಸಿದ್ದೀರಿ. ನಿಜವೇ. ಆದರೆ ಈ ಪಟ್ಟಿಗೆ ನೀವೇ ಬೇಕಂತಿಲ್ಲ. ಅದರ ನಡುವೆ ಒಂದು ಸಾಲು ಸಿಕ್ಕಿಹಾಕಿಕೊಂಡಿದೆ: "ನಾವಡರ ಕ್ಯಾಸೆಟ್ಟಿನ ಟೇಪು ಸಡಿಲಾದರೆ ಅಪ್ಪ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದರು. ಆಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ." ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನೀವೋ, ಅಲ್ಲಿಂದ ಸೀದಾ ಕೊಬೇನ್ ಹತ್ತಿರ ಹೋಗಿಬಿಟ್ಟಿರಿ!

ನಿಮ್ಮ ಅಪ್ಪ ನಾವಡರ ಓರಗೆಯವರು. ಟೆಂಟು ಹಾಕಿ ಆಡುವ ಯಕ್ಷಗಾನದಲ್ಲಿ ಬೆಳಗಿನವರೆಗೆ ಕೂತು ಅವರ ಪದ, ಅಂದರೆ ಹಾಡು, ಕೇಳಿದವರು. ಅಪ್ಪನಿಗೆ ಈಗ 60 ದಾಟಿದೆ. ಕ್ಯಾಸೆಟ್ಟಿನ ಭಾಗವತರು ಇನ್ನೂ 30ರ ಆಸುಪಾಸಿನಲ್ಲೇ ಇದ್ದಾರೆ. ಜೊತೆಯವನ ದನಿ ಈಗ ಮಗನ ಪ್ರಾಯದವನ ದನಿ. ಕೇಳುವಾಗ ಅಪ್ಪನಿಗೆ ಎಂತ ಅನ್ನಿಸುತ್ತದೆ? ನಿಮಗಾದರೆ ನಾವಡರು ಮೊದಲಿನಿಂದಲೂ ತೀರಿಹೋದವರೇ, ಆ ಕ್ಯಾಸೆಟ್ಟಿನಲ್ಲೇ ಸಿಕ್ಕವರು. ಒಂದೇ ಪದಕ್ಕೆ ಮನೆಯಲ್ಲಿ ಇಬ್ಬರು ಎರಡು ರೀತಿ ಕಿವಿಗೊಟ್ಟಿದ್ದೀರಿ. ನನಗೆ ಬೇಕಾದ ಲೇಖನ ಅದು.

ಮೂರನೇ ಪುಟ ತೆಗೆದುಬಿಡಿ. ಆ ಕ್ಯಾಸೆಟ್ಟು ಹುಡುಕಿ, ಯಾವ ಬದಿ ಜಾಸ್ತಿ ಸವೆದಿದೆ ನೋಡಿ. ಯಾವ ಪದಕ್ಕೆ ಅಷ್ಟು ಸಲ ಹಿಂದೆ ತಿರುಗಿಸಿದ್ದು ಅಂತ ಅಪ್ಪನನ್ನೇ ಕೇಳಿ. ಕೇಳಿ ಬರೆದು ಕಳಿಸಿ, ಜಾಗ ಇಟ್ಟಿರುತ್ತೇನೆ.