ಕೊಲೆಗಾರನನ್ನು ಹಿಡಿಯುವ ಅವಸರ ಯಾಕೆ?

ಪ್ರಿಯ ಮಿತ್ರರೇ, ನಮಸ್ಕಾರ.

ಹದಿನೆಂಟನೇ ಶತಮಾನದ ಬ್ಯಾಂಕರ್, ಅರ್ಥಶಾಸ್ತ್ರದ ಲೇಖಕ ರಿಚರ್ಡ್ ಕ್ಯಾಂಟಿಲನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಿಷಯ ಕೈಬಿಡಬೇಡಿ. ಅರ್ಥಶಾಸ್ತ್ರ ಅಂದರೆ ನಮ್ಮಲ್ಲಿ ಜಾಸ್ತಿ ಜನ ಆಡಂ ಸ್ಮಿತ್‌ನಿಂದಲೇ ಶುರು ಮಾಡುತ್ತಾರೆ. ನೀವು ಅವನಿಗಿಂತ ಹಿಂದಕ್ಕೆ ಹೋಗಿದ್ದೀರಿ. ಅದು ನನಗೆ ಇಷ್ಟವಾಯಿತು.

ಮೊದಲು ಬೆಂಕಿಯ ವಿಚಾರ. 1734ರ ಮೇ 14ರಂದು ಲಂಡನ್ನಿನ ಆಲ್ಬೆಮಾರ್ಲ್ ಬೀದಿಯಲ್ಲಿ ಕ್ಯಾಂಟಿಲನ್‌ನ ಮನೆ ಸುಟ್ಟುಹೋಯಿತು. ಒಳಗೆ ಸಿಕ್ಕ ದೇಹ ಗುರುತು ಹತ್ತದಷ್ಟು ಬೆಂದಿತ್ತು. ನೀವು ಅಡುಗೆಯವನ ಕೈಗೆ ಚಾಕು ಕೊಟ್ಟು, ಬಾಯಿಗೆ ಎಂಟು ಸಾಲು ಮಾತನ್ನೂ ಕೊಟ್ಟಿದ್ದೀರಿ. ಆ ಕೋಣೆಯಲ್ಲಿ ನೀವಿದ್ದಿರಾ? ಕೆಲಸದಿಂದ ತೆಗೆಸಿಕೊಂಡಿದ್ದ ಅಡುಗೆಯವನ ಮೇಲೆ ಅನುಮಾನ ಬಂದಿದ್ದು ನಿಜ. ಅವನು ಸಿಗಲೇ ಇಲ್ಲ ಅನ್ನುವುದೂ ನಿಜ. ಕೊಲೆ ಆರೋಪ ಹೊತ್ತ ಮನೆಯ ಕೆಲಸದವರು ಕೋರ್ಟಿನಲ್ಲಿ ಖುಲಾಸೆಯಾದರು. ಅಲ್ಲಿಗೆ ನಿಲ್ಲಿಸಿ. ಮೂರು ಪುಟ ತಿನ್ನುವ ದೃಶ್ಯ ಅಲ್ಲ ಅದು.

ಸುರಿನಾಮ್ ಪ್ರಸಂಗವನ್ನು ನೀವು ಕೊನೆಯ ಪ್ಯಾರಾಕ್ಕೆ ತಳ್ಳಿದ್ದೀರಿ. ಅದೇ ವರ್ಷದ ಕೊನೆಗೆ, ದಕ್ಷಿಣ ಅಮೆರಿಕದ ಆ ಡಚ್ ವಸಾಹತಿಗೆ ಶೆವಲಿಯೆ ದ ಲೂವಿನ್ಯೀ ಎಂದು ಹೇಳಿಕೊಂಡು ಒಬ್ಬ ಬಂದಿಳಿದ. ಅವನ ಹತ್ತಿರ ಕ್ಯಾಂಟಿಲನ್‌ನ ಕಾಗದಪತ್ರಗಳಿದ್ದವು. ಅಧಿಕಾರಿಗಳಿಗೆ ಅನುಮಾನ ಬರುವಷ್ಟರಲ್ಲಿ ಮಾಯವಾದ. ಕಾಗದ ಕದ್ದ ಅಡುಗೆಯವನೋ, ತನ್ನ ಸಾವನ್ನು ತಾನೇ ಹೂಡಿದ ಕ್ಯಾಂಟಿಲನ್ನೋ? 'ನಿಸ್ಸಂದೇಹವಾಗಿ ಅಡುಗೆಯವನೇ' ಎಂದು ಬರೆದು ನೀವು ಬಾಗಿಲು ಹಾಕಿಬಿಟ್ಟಿರಿ. ಸಂದೇಹ ಇರುವುದರಿಂದಲೇ ಅಲ್ವಾ ನಾವು ಓದುತ್ತಿರುವುದು?

ಓಡಿಹೋಗಲು ಕ್ಯಾಂಟಿಲನ್‌ಗೆ ಕಾರಣವಂತೂ ಇತ್ತು. 'ಅವನಿಗೆ ಶತ್ರುಗಳು ಬಹಳ' ಎಂದು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಶತ್ರುಗಳು ಹೇಗೆ ಹುಟ್ಟಿದರು ಅಂತ ಹೇಳಿ. ಪ್ಯಾರಿಸ್‌ನಲ್ಲಿ ಜಾನ್ ಲಾ ಎಂಬ ಸ್ಕಾಟಿಷ್ ಹಣಕಾಸುಗಾರ ಎಬ್ಬಿಸಿದ ಮಿಸಿಸಿಪಿ ಕಂಪನಿಯ ಷೇರಿನ ಹುಚ್ಚು 1719–20ರಲ್ಲಿ ನೆತ್ತಿಗೇರಿತ್ತು. ಐರ್ಲೆಂಡಿನ ಕೆರ್ರಿ ಕಡೆಯ ಈ ಬ್ಯಾಂಕರ್ ಷೇರು ಕೊಳ್ಳುವವರಿಗೆ ಸಾಲ ಕೊಟ್ಟ. ಅದೇ ಷೇರನ್ನು ಅಡವಿಟ್ಟುಕೊಂಡ. ಬೆಲೆ ಮೇಲಿದ್ದಾಗಲೇ ಅದನ್ನು ಮಾರಿಬಿಟ್ಟ. ಎಲ್ಲ ಕುಸಿದ ಮೇಲೆ, ಸಾಲ ತೀರಿಸಿ ಎಂದು ಕೇಳಿದ! ಕೇಸುಗಳು ವರ್ಷಗಟ್ಟಲೆ ಅವನ ಬೆನ್ನು ಬಿಡಲಿಲ್ಲ. ಈ ಲೆಕ್ಕವನ್ನು ಬಿಡಿಸಿ ಬರೆದರೆ ಚಾಕುವಿನ ಅಗತ್ಯವೇ ಬರುವುದಿಲ್ಲ.

ಈಗ ನನ್ನ ದೊಡ್ಡ ತಕರಾರು. ಅವನ ಪುಸ್ತಕಕ್ಕೆ ನೀವು ಕೊಟ್ಟಿರುವುದು ಒಂದೂವರೆ ವಾಕ್ಯ. ನನ್ನ ಪ್ರಕಾರ ಬೆಂಕಿಗಿಂತ ದೊಡ್ಡ ಒಗಟು ಅಲ್ಲಿದೆ. ವ್ಯಾಪಾರದ ಸ್ವರೂಪ ಕುರಿತ ಆ ಪ್ರಬಂಧ ಅಚ್ಚಾಗಿದ್ದು 1755ರಲ್ಲಿ, ಅಂದರೆ ಬೆಂಕಿ ಬಿದ್ದು 21 ವರ್ಷದ ಮೇಲೆ. ಭಾಷೆ ಫ್ರೆಂಚ್. ಆದರೆ ಶೀರ್ಷಿಕೆ ಪುಟದಲ್ಲಿ 'ಇಂಗ್ಲಿಷಿನಿಂದ ಅನುವಾದ' ಎಂದಿದೆ. ಪ್ರಕಾಶಕ ಲಂಡನ್ನಿನ ಫ್ಲೆಚರ್ ಗೈಲ್ಸ್ ಎಂದಿದೆ. ಆ ಪುಸ್ತಕ ವ್ಯಾಪಾರಿ ಸತ್ತಿದ್ದು 1741ರಲ್ಲೇ! ಇಂಗ್ಲಿಷ್ ಮೂಲ ಇವತ್ತಿಗೂ ಸಿಕ್ಕಿಲ್ಲ. ಹಾಗಂತ ಅದು ಇರಲೇ ಇಲ್ಲ ಅನ್ನುವಂತಿಲ್ಲ, ಏಕೆಂದರೆ 1755ಕ್ಕೂ ಮೊದಲೇ ಪೋಸ್ಲ್‌ತ್‌ವೇಟ್ ಎಂಬ ಇಂಗ್ಲಿಷ್ ಲೇಖಕ ಇದರ ಉದ್ದುದ್ದ ಭಾಗಗಳನ್ನು ಹೆಸರು ಹೇಳದೆ ಇಂಗ್ಲಿಷಿನಲ್ಲಿ ಛಾಪಿಸಿದ್ದ. ಅತ್ತ ಫ್ರಾನ್ಸಿನಲ್ಲಿ ಅರ್ಥಶಾಸ್ತ್ರದ ಲೇಖಕ ಮಿರಬೋ ಹತ್ತಿರ ಒಂದು ಹಸ್ತಪ್ರತಿ 16 ವರ್ಷ ಕೂತಿತ್ತು. ಲೇಖಕ ಮತ್ತೆ ಮತ್ತೆ 'ಅನುಬಂಧ ನೋಡಿ' ಎನ್ನುತ್ತಾನೆ. ಲೆಕ್ಕಾಚಾರವೆಲ್ಲ ಇದ್ದ ಆ ಅನುಬಂಧವೂ ಕಳೆದುಹೋಗಿದೆ. ಪತ್ತೇದಾರಿ ಬೇಕು ಅಂದಿರಲ್ಲ, ಇಲ್ಲಿ ಮಾಡಿ.

ಜೊತೆಗೆ ಪುಸ್ತಕದಲ್ಲಿ ಏನಿದೆ ಅಂತ ಸ್ವಲ್ಪ ಹೇಳಿ. ಹೊಸ ಹಣ ಎಲ್ಲರ ಜೇಬಿಗೂ ಒಟ್ಟಿಗೆ ಬರುವುದಿಲ್ಲ. ಮೊದಲು ಯಾರ ಕೈಗೆ ಬೀಳುತ್ತದೋ ಅವರು ಹಳೇ ಬೆಲೆಯಲ್ಲೇ ಕೊಂಡು ಲಾಭ ಮಾಡುತ್ತಾರೆ. ಕೊನೆಗೆ ಬಂದವರಿಗೆ ಸಿಗುವುದು ಏರಿದ ಬೆಲೆ ಮಾತ್ರ. ಪ್ಯಾರಿಸ್‌ನಲ್ಲಿ ಅವನು ಕಣ್ಣಾರೆ ಕಂಡಿದ್ದೂ ಇಂಥದ್ದನ್ನೇ. ಈ ಪುಸ್ತಕ ಮರೆತೇ ಹೋಗಿತ್ತು. 1881ರಲ್ಲಿ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೆವನ್ಸ್ ಬರೆದ ಲೇಖನದಿಂದ ಮತ್ತೆ ಬೆಳಕಿಗೆ ಬಂತು.

ಒಂದು ತಪ್ಪನ್ನು ಮಾತ್ರ ಕ್ಷಮಿಸಲಾರೆ. ಕ್ಯಾಂಟಿಲನ್ 'ಸ್ಮಿತ್‌ನ ಶಿಷ್ಯ' ಅಲ್ಲವೇ ಅಲ್ಲ. ಆ ಬೆಂಕಿ ಬಿದ್ದಾಗ ಸ್ಮಿತ್ ಇನ್ನೂ ಹನ್ನೊಂದರ ಆಸುಪಾಸಿನ ಹುಡುಗ. ಅವನೇ 1776ರ ತನ್ನ ಪುಸ್ತಕದಲ್ಲಿ, ಕೂಲಿಯ ಅಧ್ಯಾಯದಲ್ಲಿ, ಕ್ಯಾಂಟಿಲನ್‌ನ ಹೆಸರು ಹೇಳುತ್ತಾನೆ.

ಮತ್ತೆ ಬರೆಯುವಾಗ ಆ ಶೀರ್ಷಿಕೆ ಪುಟದಿಂದಲೇ ಶುರು ಮಾಡಿ. ಬೆಂಕಿ ಮಧ್ಯದಲ್ಲಿ ಬರಲಿ, ಸುರಿನಾಮ್ ಕೊನೆಗೇ ಇರಲಿ, ಆದರೆ ಬಾಗಿಲು ಹಾಕದೆ. 'ರೋಚಕ', 'ನಿಗೂಢ', 'ರೋಮಾಂಚಕಾರಿ' ಇವು ಮೂರೂ ಸೇರಿ ಹದಿನಾಲ್ಕು ಸಲ ಬಂದಿವೆ. ಎಣಿಸಿದೆ. ಸುಮ್ನೆ ತೆಗೆದುಹಾಕಿ. ಇನ್ನು, ಅಡುಗೆಯವನನ್ನು ಒಂದೆಡೆ 'ಅಡುಗೆ ಭಟ್ಟರು' ಅಂದಿದ್ದೀರಿ. ಆಲ್ಬೆಮಾರ್ಲ್ ಬೀದಿಗೆ ಭಟ್ಟರು ಎಲ್ಲಿಂದ ಬಂದರು?

ಹೊಸ ಪ್ರತಿಗೆ ಕಾಯುತ್ತಿರುತ್ತೇನೆ.

ಇತಿ,
ಸಂಪಾದಕ