ಐಎಸ್-2 ಟ್ಯಾಂಕಿನ ರೀಲೋಡ್ ಇಷ್ಟು ನಿಧಾನವೇಕೆ?

ವಾರ್ ಥಂಡರ್ ಎಂಬ ವಿಡಿಯೊ ಆಟದಲ್ಲಿ ನುರಿತ ಸಿಬ್ಬಂದಿಯಿದ್ದರೂ ಎರಡನೇ ಮಹಾಯುದ್ಧದ ಸೋವಿಯತ್ ಭಾರೀ ಟ್ಯಾಂಕ್ ಐಎಸ್-2 ರೀಲೋಡ್ ಆಗಲು 20 ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ, ಇದು ಆಟದ ದೋಷವೇ ಎಂದು ಕೇಳಿದ್ದೀರಿ. ದೋಷವಲ್ಲ. ಇದರ 122 ಮಿ.ಮೀ. ಡಿ-25ಟಿ ಫಿರಂಗಿಯು ಎ-19 ಎಂಬ ಎಳೆದೊಯ್ಯುವ ಫಿರಂಗಿಯಿಂದ ರೂಪುಗೊಂಡದ್ದರಿಂದ ಅದರ ಮದ್ದುಗುಂಡು ಎರಡು ಭಾಗಗಳಲ್ಲಿ ಬರುತ್ತದೆ. ಗುಂಡು ತುಂಬುವ ಸಿಬ್ಬಂದಿಯಾದ ಲೋಡರ್ ಮೊದಲು ಸುಮಾರು 25 ಕಿಲೋ ತೂಕದ ಶೆಲ್ಲನ್ನು ಒಳಕ್ಕೆ ತಳ್ಳಿ, ಅನಂತರ ಮದ್ದಿನ ಕೇಸನ್ನು ಬೇರೆಯಾಗಿ ಸೇರಿಸಬೇಕು. ಟ್ಯಾಂಕಿನ ಮೇಲಿನ ಇಕ್ಕಟ್ಟಾದ ತಿರುಗು ಗೋಪುರದೊಳಗೆ ಬಾಗಿ ನಿಂತು ಅಕ್ಕಿಮೂಟೆಯೊಂದನ್ನು ಕಿಂಡಿಗೆ ತೂರಿಸುವುದನ್ನು ಊಹಿಸಿಕೊಂಡರೆ ಆ ಮನುಷ್ಯನ ಮೇಲೆ ಕನಿಕರವೇ ಹುಟ್ಟುತ್ತದೆ. ವಾಸ್ತವದಲ್ಲಿಯೂ ನಿಮಿಷಕ್ಕೆ ಎರಡು ಮೂರು ಗುಂಡುಗಳಷ್ಟೇ ಸಾಧ್ಯವಿತ್ತು, ಒಟ್ಟು ಸಂಗ್ರಹವೂ 28 ಮಾತ್ರ.

ಹೀಗಿದ್ದೂ ಸೋವಿಯತ್ ಸೇನೆ ಈ ಫಿರಂಗಿಯನ್ನೇ ಆರಿಸಿಕೊಂಡಿತು, ಏಕೆಂದರೆ ಈ ಗಾತ್ರದ ಫಿರಂಗಿ ಮತ್ತು ಗುಂಡುಗಳ ತಯಾರಿಕೆ ಆಗಲೇ ನಡೆಯುತ್ತಿತ್ತು, ಜೊತೆಗೆ ಕೋಟೆ ಕೊತ್ತಲಗಳನ್ನು ಒಡೆಯಲು ಭಾರವಾದ ಸ್ಫೋಟಕ ಶೆಲ್ ಬೇಕಿತ್ತು.

ರೀಲೋಡ್ ಇಷ್ಟು ನಿಧಾನವಾದ್ದರಿಂದ ಜರ್ಮನಿಯ ಟೈಗರ್ ಟ್ಯಾಂಕಿನೊಂದಿಗೆ ಗುಂಡಿಗೆ ಗುಂಡು ಎಂದು ಸ್ಪರ್ಧೆಗಿಳಿಯಬೇಡಿ. ಒಮ್ಮೆ ಹೊಡೆದು ಗೋಡೆಯ ಮರೆಗೆ ಹಿಂದೆ ಸರಿಯಿರಿ. ಫಿರಂಗಿ ಕೇವಲ 3 ಡಿಗ್ರಿಯಷ್ಟೇ ಕೆಳಕ್ಕೆ ಬಾಗುವುದರಿಂದ ದಿಬ್ಬದ ನೆತ್ತಿ ಇದಕ್ಕೆ ಹೇಳಿ ಮಾಡಿಸಿದ ಜಾಗವಲ್ಲ. ಸಾಧ್ಯವಾದರೆ 1944ರ ಮಾದರಿಯನ್ನೇ ಬಳಸಿ. ಹಿಂದಿನ ಮಾದರಿಯ ಮೆಟ್ಟಿಲಿನಂತಿದ್ದ ಮುಂಭಾಗದ ಬದಲು ಅದರಲ್ಲಿ ಓರೆಯಾದ ಒಂದೇ ರಕ್ಷಾಕವಚದ ತಗಡಿದೆ.